ಅರ್ಥ್ ಗುಂಡಿ ಹೊಸದು, ಹಸಿರು ತಂತಿ ಹಳೆಯದು

ಮನೆಗೆ ಎಸಿ ಬರುತ್ತದೆ, ಎರಡನೆಯ ಗೀಸರ್ ಬರುತ್ತದೆ, ಕಾಂಪೌಂಡ್ ಗೋಡೆಗೆ ಇವಿ ಚಾರ್ಜರ್ ಏರುತ್ತದೆ. ಬೆಸ್ಕಾಂಗೋ ಹೆಸ್ಕಾಂಗೋ ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊಳ್ಳುತ್ತಾರೆ. ಮೀಟರಿನಿಂದ ಡಿಬಿಗೆ, ಅಂದರೆ ಮನೆಯ ಸ್ವಿಚ್ಚುಗಳ ಮುಖ್ಯ ಪೆಟ್ಟಿಗೆಗೆ, ಹೋಗುವ 4 ಚದರ ಮಿ.ಮೀ. ಫೇಸ್, ನ್ಯೂಟ್ರಲ್ ತಂತಿಗಳನ್ನು ಕಿತ್ತು 10ರದ್ದು ಎಳೆಯುತ್ತಾರೆ. ಅರ್ಥಿನ ಹಸಿರು ತಂತಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಎಂದೋ ನಲ್ಲಿ ಮುಟ್ಟಿದಾಗ ಜುಮ್ ಎಂದರೆ 'ಅರ್ಥಿಂಗ್ ವೀಕ್ ಆಗಿದೆ' ಎಂಬ ತೀರ್ಮಾನವಾಗಿ ಹೊಸ ಗುಂಡಿ ತೋಡಿಸುತ್ತಾರೆ. ತಾಮ್ರದ ಪ್ಲೇಟು, ಕೆಮಿಕಲ್ ಚೀಲ, ಮೇಲೊಂದು ಸಿಮೆಂಟ್ ಮುಚ್ಚಳ. ಅಷ್ಟು ಖರ್ಚಾದ ಮೇಲೂ ಆ ಗುಂಡಿಯಿಂದ ಡಿಬಿಗೆ ಬರುವುದು ಅದೇ 14 ಗೇಜಿನ ಜಿಐ (ಜಿಂಕು ಲೇಪಿಸಿದ ಉಕ್ಕಿನ) ತಂತಿ. ಡಿಬಿಯಿಂದ ಗೀಸರಿಗೆ ಹೋಗುವುದು 1 ಚದರ ಮಿ.ಮೀ. ಹಸಿರು ತಂತಿ. ನೀರಿನ ಪೈಪಿಗಂತೂ ಏನೂ ಇಲ್ಲ.

ಹಳೆಯ ಮನೆಗಳಲ್ಲಿ ದೋಷ ಗುಂಡಿಗಿಂತ ಹೆಚ್ಚಾಗಿ ಗುಂಡಿಗೂ ನಮ್ಮ ಕೈಗೂ ನಡುವಿನ ದಾರಿಯಲ್ಲಿರುತ್ತದೆ. ಆ ದಾರಿಯನ್ನು ದಪ್ಪ ಮಾಡುವುದಕ್ಕೂ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಒಂದು ಬಚ್ಚಲಲ್ಲಿದ್ದ ಅಪಾಯ ಇಡೀ ಮನೆಗೆ ಹರಡುತ್ತದೆ.

ಅರ್ಥಿಂಗ್ ಮತ್ತು ಬಾಂಡಿಂಗ್ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಗೊಂದಲ ಶುರುವಾಗುತ್ತದೆ. ಉಪಕರಣದ ಲೋಹದ ಮೈಗೆ ಫೇಸ್ ತಾಗಿದಾಗ ಕರೆಂಟು ಹರಿದುಹೋಗಲು ದಾರಿ ಕೊಡುವುದು ಅರ್ಥಿಂಗ್. ಒಂದೇ ಸಲ ಮುಟ್ಟಬಹುದಾದ ಎರಡು ಲೋಹಗಳ, ಅಂದರೆ ಗೀಸರಿನ ಮೈ ಮತ್ತು ಜಿಐ ಪೈಪಿನ, ನಡುವೆ ವೋಲ್ಟೇಜ್ ವ್ಯತ್ಯಾಸ ಬರದಂತೆ ಎರಡನ್ನೂ ಕಟ್ಟಿಹಾಕುವುದು ಬಾಂಡಿಂಗ್. ಎರಡೂ ಕಡೆ 200 ವೋಲ್ಟ್ ಇದ್ದರೂ ಎರಡನ್ನೂ ಮುಟ್ಟಿದವನಿಗೆ ಆ ಎರಡರ ನಡುವಿನಿಂದ ಶಾಕ್ ಇಲ್ಲ. ಒಂದು ಕಡೆ 200, ಇನ್ನೊಂದು ಕಡೆ ಸೊನ್ನೆ ಇದ್ದರೆ ಇದೆ.

ಎಷ್ಟು ದಪ್ಪ ಬೇಕು

ಭಾರತದ ಅರ್ಥಿಂಗ್ ಸಂಹಿತೆ ಐಎಸ್ 3043. 1987ರ ಆವೃತ್ತಿಯನ್ನು 2018ರಲ್ಲಿ ಪರಿಷ್ಕರಿಸಲಾಯಿತು. ವೈರಿಂಗ್ ಸಂಹಿತೆ ಐಎಸ್ 732ರ ಪರಿಷ್ಕರಣೆ 2019ರದ್ದು. ಲೆಕ್ಕ ಸರಳ. ಫೇಸ್ ತಂತಿ 16 ಚದರ ಮಿ.ಮೀ.ವರೆಗೆ ಇದ್ದರೆ ಅದರ ಜೊತೆಗಿನ ಅರ್ಥ್ ತಂತಿಯೂ ಅಷ್ಟೇ ಇರಬೇಕು. 16ರಿಂದ 35ರವರೆಗಿನ ಫೇಸಿಗೆ 16 ಸಾಕು, ಅದರ ಮೇಲೆ ಅರ್ಧ. ನೀರಿನ ಪೈಪು ಮುಂತಾದವನ್ನು ಮುಖ್ಯ ಅರ್ಥ್ ಬಾರಿಗೆ (ಅರ್ಥ್ ತಂತಿಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಗೆ) ಕಟ್ಟುವ ಮುಖ್ಯ ಬಾಂಡಿಂಗ್ ತಂತಿ, ಮನೆಯಲ್ಲಿರುವ ಅತಿ ದಪ್ಪ ಅರ್ಥ್ ತಂತಿಯ ಅರ್ಧದಷ್ಟಾದರೂ ಇರಬೇಕು. ಆದರೆ ತಾಮ್ರವಾದರೆ 6 ಚದರ ಮಿ.ಮೀ.ಗಿಂತ ಕಡಿಮೆ ಇರಕೂಡದು, 25ಕ್ಕಿಂತ ಹೆಚ್ಚು ಬೇಕಿಲ್ಲ.

10ರ ಫೇಸ್ ಇರುವ ಮನೆಗೆ ಅರ್ಥ್ 10, ಅದರ ಅರ್ಧ 5. ಕನಿಷ್ಠ ಮಿತಿಯಿಂದಾಗಿ ಬಾಂಡಿಂಗ್ 6. ಫೇಸ್ 16 ಆದರೆ ಅರ್ಧ 8, ಆ ಅಳತೆ ಅಂಗಡಿಯಲ್ಲಿ ಸಿಗದು, ಹಾಗಾಗಿ 10. ಮುಂದೆ ಲೋಡು ಏರಿಸುವ ಯೋಚನೆ ಇದ್ದರೆ ಈಗಲೇ 10 ಎಳೆಯುವುದು ಜಾಣತನ. ತಂತಿಯ ಬೆಲೆಯ ವ್ಯತ್ಯಾಸಕ್ಕಿಂತ ಗೋಡೆ ಎರಡನೇ ಸಲ ಕೊರೆಯುವ ಖರ್ಚೇ ದೊಡ್ಡದು. ಬಚ್ಚಲಿನೊಳಗಿನ ಲೋಹಗಳನ್ನು ಒಂದಕ್ಕೊಂದು ಕಟ್ಟುವ ಪೂರಕ ಬಾಂಡಿಂಗ್ ತಂತಿ ವೈರಿಂಗ್ ಪೈಪಿನೊಳಗೆ ಹೋದರೆ 2.5, ತೆರೆದು ಹೋದರೆ 4 ಕನಿಷ್ಠ.

ಹಳೆಯ ಮನೆಯಲ್ಲಿ ಕಣ್ಣಿಗೆ ಬೀಳುವುದು ಗೇಜಿನ ಲೆಕ್ಕ. 14 ಗೇಜ್ ಎಂದರೆ 2.03 ಮಿ.ಮೀ. ವ್ಯಾಸ, 3.2 ಚದರ ಮಿ.ಮೀ. 8 ಗೇಜ್ ಎಂದರೆ ಸುಮಾರು 13. ಕೈಯಲ್ಲಿ ಹಿಡಿದರೆ 8 ಗೇಜ್ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಆದರೆ ಅದು ಉಕ್ಕು. ಉಕ್ಕು ತಾಮ್ರದ ಎಂಟನೇ ಒಂದು ಅಥವಾ ಹತ್ತನೇ ಒಂದು ಭಾಗದಷ್ಟೇ ಕರೆಂಟು ಒಯ್ಯುತ್ತದೆ. ಅದಕ್ಕೇ ಉಕ್ಕಿನ ಬಾಂಡಿಂಗಿಗೆ ಕನಿಷ್ಠ 50 ಚದರ ಮಿ.ಮೀ. ಎಂದು ನಿಗದಿಯಾಗಿದೆ. ಗುಂಡಿಯಿಂದ ಮನೆಗೆ ಜಿಐ ಬೇಕೇ ಬೇಕು ಎನ್ನುವವರು ತಂತಿ ಬಿಟ್ಟು 25×3 ಮಿ.ಮೀ. ಪಟ್ಟಿ ಹಾಕಿಸಬೇಕು. ಅದು 75 ಚದರ ಮಿ.ಮೀ. ಆಗುತ್ತದೆ, ಮಣ್ಣಿನಲ್ಲಿ ತುಕ್ಕು ತಿನ್ನಲೂ ಸ್ವಲ್ಪ ಉಳಿಯುತ್ತದೆ.

ಸ್ವತಂತ್ರ ಮನೆಯಲ್ಲಿ ಮೊದಲ ಕೆಲಸ ತಂತಿಯದಲ್ಲ

ಕರ್ನಾಟಕದ ಹೆಚ್ಚಿನ ಸ್ವತಂತ್ರ ಮನೆಗಳಿಗೆ ಕಂಬದಿಂದ ಬರುವುದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಅರ್ಥ್ ನಮ್ಮದೇ ಗುಂಡಿ. ಹೀಗಾಗಿ ಫಾಲ್ಟ್ ಆದಾಗ ಕರೆಂಟು ನಮ್ಮ ಗುಂಡಿಯಿಂದ ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಗುಂಡಿಗೆ ಹೋಗಬೇಕು. ನಮ್ಮ ಗುಂಡಿ 20 ಓಮ್, ಟ್ರಾನ್ಸ್‌ಫಾರ್ಮರಿನದು 2 ಓಮ್ ಎಂದಿಟ್ಟುಕೊಳ್ಳಿ. 230ನ್ನು 22ರಿಂದ ಭಾಗಿಸಿದರೆ ಸುಮಾರು 10.5 ಆಂಪಿಯರ್. ಗೀಸರಿನ 16 ಆಂಪಿಯರ್ ಎಂಸಿಬಿಗೆ (ಮಿತಿ ಮೀರಿ ಕರೆಂಟು ಹರಿದರೆ ಬಿದ್ದು ಸಪ್ಲೈ ಕಡಿಯುವ ಸ್ವಿಚ್ಚಿಗೆ) ಇದು ಮಾಮೂಲಿ ಲೋಡು, ಅದು ಬೀಳುವುದೇ ಇಲ್ಲ. ಗೀಸರಿನ ಮೈ, ಡಿಬಿಯ ಅರ್ಥ್ ಬಾರು, ಅದಕ್ಕೆ ಕಟ್ಟಿದ ಪ್ರತಿಯೊಂದು ಲೋಹ ಸುಮಾರು 209 ವೋಲ್ಟಿನಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಹಸಿರು ತಂತಿಯನ್ನು ಎಷ್ಟೇ ದಪ್ಪ ಮಾಡಿದರೂ ಈ ಲೆಕ್ಕ ಬದಲಾಗದು, ಅಡ್ಡಿ ಇರುವುದು ಮಣ್ಣಿನಲ್ಲಿ.

ಈ ಸ್ಥಿತಿಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದ ನೀರಿನ ಪೈಪುಗಳನ್ನೆಲ್ಲ ಅರ್ಥ್ ಬಾರಿಗೆ ಕಟ್ಟಿದರು ಎನ್ನಿ. ಬಚ್ಚಲೊಳಗೆ ಗೀಸರ್ ಮತ್ತು ನಲ್ಲಿಯ ನಡುವೆ ವ್ಯತ್ಯಾಸ ಹೋಯಿತು, ನಿಜ. ಆದರೆ ಅದೇ 209 ವೋಲ್ಟ್ ಈಗ ಹಿತ್ತಲಿನ ನಲ್ಲಿಗೂ ಬಂತು. ಅಲ್ಲಿ ಪಾತ್ರೆ ತೊಳೆಯುವವರು ನಿಂತಿರುವುದು ಒದ್ದೆ ಮಣ್ಣಿನ ಮೇಲೆ. ಹೀಗಾಗಿ ಆರ್‌ಸಿಸಿಬಿ, ಅಂದರೆ ಕರೆಂಟು ಸ್ವಲ್ಪ ಸೋರಿದರೂ ಸಪ್ಲೈ ಕಡಿಯುವ ಸ್ವಿಚ್, ಇಲ್ಲದ ಮನೆಯಲ್ಲಿ ಮೊದಲು ಬಾಂಡಿಂಗ್ ಮಾಡುವುದು ತಪ್ಪು ಕ್ರಮ. ಮೊದಲು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಆಮೇಲೆ ಉಳಿದದ್ದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು, ತೀರಾ ಚಿಕ್ಕ ಸಂಪರ್ಕ ಬಿಟ್ಟು, ಮನೆಗಳಿಗೆ ಕೇಳುವುದೂ ಇದನ್ನೇ.

ಆರ್‌ಸಿಸಿಬಿ ಬಂದ ಮೇಲೆ ಗುಂಡಿಯ ಬಗೆಗಿನ ಆತಂಕವೂ ಅಳತೆಗೆ ಬರುತ್ತದೆ. 40 ಮಿ.ಮೀ. ವ್ಯಾಸದ, ಎರಡೂವರೆ ಮೀಟರ್ ಉದ್ದದ ಪೈಪನ್ನು 100 ಓಮ್-ಮೀಟರ್ ರೋಧಕತೆಯ ಸಾಧಾರಣ ಮಣ್ಣಿನಲ್ಲಿ ಹುಗಿದರೆ ಸೂತ್ರದ ಪ್ರಕಾರ ಬರುವುದೇ ಸುಮಾರು 35 ಓಮ್. ಮಣ್ಣಿನ ರೋಧಕತೆ ಹತ್ತು ಪಟ್ಟಾದರೆ, ಬೇಸಿಗೆಯಲ್ಲಿ ಒಣಗಿದ ಕರಾವಳಿಯ ಮುರಕಲ್ಲಿನ ನೆಲದಲ್ಲಿ ಇದು ದೂರದ ಮಾತಲ್ಲ, 350 ಓಮ್. ಅಷ್ಟಿದ್ದರೂ ಫಾಲ್ಟಿನಲ್ಲಿ ಹರಿಯುವುದು ಸುಮಾರು 0.65 ಆಂಪಿಯರ್, ಅಂದರೆ ಆರ್‌ಸಿಸಿಬಿಯ ಮಿತಿಯ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಒಂದು ಓಮಿಗಾಗಿ ಹಟ ಹಿಡಿದು ಮೂರು ಕೆಮಿಕಲ್ ಗುಂಡಿ ಮಾರುವವರ ಮಾತು ಸಬ್‌ಸ್ಟೇಷನ್ನಿಗೆ ಸರಿ. 30×40 ಸೈಟಿನ ಮನೆಗೆ ಆ ಹಣದಲ್ಲಿ ಒಳ್ಳೆಯ ಆರ್‌ಸಿಸಿಬಿಯೂ ಇಡೀ ಮನೆಯ ಅರ್ಥ್ ತಂತಿಯೂ ಬರುತ್ತದೆ. ಹಾಗೆಂದು 350 ಓಮಿಗೆ ಸುಮ್ಮನಾಗಬೇಕೆಂದಲ್ಲ. ಆರ್‌ಸಿಸಿಬಿ ಒಂದು ಯಂತ್ರ, ಕೆಡಬಹುದು. ನಡುಬೇಸಿಗೆಯಲ್ಲಿ 50 ಓಮಿನೊಳಗೆ ಇದ್ದರೆ ನೆಮ್ಮದಿ.

ಹಾಗಾದರೆ ಇಂಥ ಮನೆಯಲ್ಲಿ ಬಾಂಡಿಂಗ್ ತಂತಿ 6 ಅಥವಾ 10 ಯಾಕೆ? ಹತ್ತು ಆಂಪಿಯರಿಗೆ 1 ಚದರ ಮಿ.ಮೀ. ತಂತಿ ಸುಡುವಷ್ಟೇನೂ ಬಿಸಿಯಾಗದು. ಒಂದು ಕಾರಣ ಬಾಳಿಕೆ: ಸಣ್ಣ ತಂತಿ ಕ್ಲ್ಯಾಂಪಿನಡಿ ತುಂಡಾಗುತ್ತದೆ, ಪ್ಲಂಬರನ ರಿಂಚಿಗೆ ಸಿಕ್ಕಿ ಹರಿಯುತ್ತದೆ, ತುಕ್ಕಿಗೆ ಬೇಗ ಬಲಿಯಾಗುತ್ತದೆ, ಹರಿದದ್ದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಲೈಟು ಫ್ಯಾನು ಎಲ್ಲ ನಡೆಯುತ್ತಲೇ ಇರುತ್ತವೆ. ಇನ್ನೊಂದು ಕಾರಣ ನ್ಯೂಟ್ರಲ್. ಅರ್ಥ್ ಇಲ್ಲದ ಹಳೆ ಮನೆಗಳಲ್ಲಿ ಮೀಟರ್ ಬೋರ್ಡಿನಲ್ಲೇ ನ್ಯೂಟ್ರಲ್ಲಿನಿಂದ ಅರ್ಥಿಗೆ ಒಂದು ತುಂಡು ತಂತಿ ಜೋಡಿಸಿರುತ್ತಾರೆ. ಬೀದಿಯ ನ್ಯೂಟ್ರಲ್ ಕಡಿದ ದಿನ ಇಡೀ ಮನೆಯ ಲೋಡು ಈ ತುಂಡಿನ ಮೂಲಕ ಅರ್ಥ್ ತಂತಿಗೆ, ಅಲ್ಲಿಂದ ಪೈಪುಗಳಿಗೆ ನುಗ್ಗುತ್ತದೆ, ಲೋಹದ ಮೈಗಳೆಲ್ಲ ಜೀವಂತವಾಗುತ್ತವೆ. ಜೋಡಣೆ ಮೀಟರಿಗೂ ಆರ್‌ಸಿಸಿಬಿಗೂ ನಡುವೆ ಇದ್ದರೆ ಆರ್‌ಸಿಸಿಬಿಗೆ ಇದು ಕಾಣುವುದೇ ಇಲ್ಲ. ಆರ್‌ಸಿಸಿಬಿ ಹಾಕಿಸುವಾಗಲೇ ಹುಡುಕಿ ತೆಗೆಸಬೇಕಾದದ್ದು ಈ ತುಂಡು.

ಬ್ರಿಟನ್ನಿನಲ್ಲಿ ಇದೇ ಅಪಾಯ ಅಧಿಕೃತ ವ್ಯವಸ್ಥೆಯ ಒಳಗೇ ಇದೆ. ಅಲ್ಲಿ ಬಹಳಷ್ಟು ಮನೆಗಳಿಗೆ ಬೀದಿಯ ನ್ಯೂಟ್ರಲ್ಲೇ ಅರ್ಥ್ ಆಗಿಯೂ ಬರುತ್ತದೆ. ಹಾಗಾಗಿ ಬಾಂಡಿಂಗ್ ದಪ್ಪವನ್ನು ಸರಬರಾಜಿನ ನ್ಯೂಟ್ರಲ್ ನೋಡಿ ನಿಗದಿ ಮಾಡುತ್ತಾರೆ: ನ್ಯೂಟ್ರಲ್ 35 ಚದರ ಮಿ.ಮೀ. ತಾಮ್ರದವರೆಗೆ ಇದ್ದರೆ ಬಾಂಡಿಂಗ್ 10. ಅಲ್ಲಿ ಹಳೆ ಮನೆ ಕೊಂಡ ಕನ್ನಡಿಗರಿಗೆ ವಿದ್ಯುತ್ ತಪಾಸಣೆಯ ವರದಿಯಲ್ಲಿ 'ಗ್ಯಾಸ್, ನೀರಿನ ಬಾಂಡಿಂಗ್ 6 ಇದೆ, 10 ಬೇಕು' ಎಂಬ ಸಾಲು ಸಿಕ್ಕರೆ ಕಾರಣ ಇದು. ಅಂತರ್ಜಾಲದಲ್ಲಿ ಸಿಗುವ ಬಹುಪಾಲು ಸಲಹೆ ಆ ವ್ಯವಸ್ಥೆಗೆ ಬರೆದದ್ದು. ಹುಬ್ಬಳ್ಳಿಯ ಮನೆಗೆ ಹಾಗೇ ಎತ್ತಿ ಹಾಕಿಕೊಳ್ಳುವಂತಿಲ್ಲ.

ಯಾವುದಕ್ಕೆ ಕಟ್ಟಬೇಕು, ಯಾವುದಕ್ಕೆ ಬೇಡ

ಹೊರಗಿನಿಂದ, ಅಂದರೆ ಮಣ್ಣಿನಿಂದ ಅಥವಾ ತಾರಸಿಯಿಂದ, ಒಂದು ವೋಲ್ಟೇಜನ್ನು ಮನೆಯೊಳಗೆ ಹೊತ್ತು ತರಬಲ್ಲ ಲೋಹಕ್ಕೆ ಬಾಂಡಿಂಗ್ ಬೇಕು. ನೆಲದಿಂದ ಮೇಲೆ ಬರುವ ಜಿಐ ನೀರಿನ ಪೈಪು, ಬೋರ್‌ವೆಲ್ಲಿನ ಉಕ್ಕಿನ ಕೇಸಿಂಗ್, ಸೋಲಾರ್ ಫಲಕಗಳ ಚೌಕಟ್ಟು ಈ ಗುಂಪಿನವು. ನಮ್ಮ ಊರುಗಳಲ್ಲಿ ಹೆಚ್ಚು ಮರೆತುಹೋಗುವುದು ತಾರಸಿಯ ಸೋಲಾರ್ ವಾಟರ್ ಹೀಟರ್. ಮೋಡದ ದಿನಕ್ಕೆಂದು ಅದರ ಟ್ಯಾಂಕಿನೊಳಗೊಂದು ವಿದ್ಯುತ್ ಕಾಯಿಲ್ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲಿನ ಮೇಲೆ ಸುಣ್ಣ ಕಟ್ಟಿ, ಬಿಸಿ ಹೆಚ್ಚಾಗಿ, ಹೊದಿಕೆ ಒಡೆಯುತ್ತದೆ. ಟ್ಯಾಂಕಿಗೆ ಅರ್ಥ್ ಇಲ್ಲದಿದ್ದರೆ ಆ ಫೇಸ್ ಜಿಐ ಪೈಪಿನಲ್ಲಿ ನೇರ ಕೆಳಗಿನ ಶವರಿಗೆ ಇಳಿಯುತ್ತದೆ. ಆ ಕಾಯಿಲಿನ ಸರ್ಕ್ಯೂಟ್ ಆರ್‌ಸಿಸಿಬಿಯ ಮೂಲಕವೇ ಹೋಗಿದೆಯೇ ಎಂದು ನೋಡಲೇಬೇಕು. ಎಷ್ಟೋ ಕಡೆ ಅದನ್ನು ಆಮೇಲೆ ಬಂದವರು ಮೀಟರ್ ಪಕ್ಕದಿಂದಲೇ ಎಳೆದಿರುತ್ತಾರೆ.

ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ತುದಿಯಲ್ಲಿರುವ ಹಿತ್ತಾಳೆ ನಲ್ಲಿಗೆ, ಸ್ಟೀಲ್ ಸಿಂಕಿಗೆ, ಅಲ್ಯೂಮಿನಿಯಂ ಕಿಟಕಿಗೆ ಬಾಂಡಿಂಗ್ ಬೇಡ. ಅನಗತ್ಯವಾಗಿ ಕಟ್ಟಿದರೆ ದೂರದ ಫಾಲ್ಟನ್ನು ಅಲ್ಲಿಗೆ ಕರೆತಂದಂತೆ. ಅನುಮಾನವಿದ್ದರೆ ಅಳೆಯಬಹುದು. ಸಪ್ಲೈ ಬಂದ್ ಮಾಡಿ, ಆ ಲೋಹಕ್ಕೂ ಅರ್ಥ್ ಬಾರಿಗೂ ನಡುವೆ 500 ವೋಲ್ಟಿನ ಇನ್ಸುಲೇಷನ್ ಟೆಸ್ಟರ್ ಹಿಡಿಯಬೇಕು. 22 ಕಿಲೋ ಓಮಿಗಿಂತ ಹೆಚ್ಚು ತೋರಿಸಿದರೆ ಬಿಟ್ಟುಬಿಡಿ. ಲೆಕ್ಕ ಹೀಗೆ: 230 ವೋಲ್ಟಿನಲ್ಲಿ 10 ಮಿಲಿಆಂಪಿಯರ್ ಮೀರದಿರಲು 23 ಕಿಲೋ ಓಮ್ ಬೇಕು, ಅದರಲ್ಲಿ ಒಂದು ಕಿಲೋ ಓಮ್ ಮನುಷ್ಯನ ಮೈಯದು.

ಇನ್ನೊಂದು ಸಂಗತಿ ಪ್ಲಂಬಿಂಗ್ ರಿಪೇರಿಯದು. ಸೋರುವ ಜಿಐ ಪೈಪಿನ ನಡುವಿನ ಎರಡು ಅಡಿ ಕತ್ತರಿಸಿ ಸಿಪಿವಿಸಿ ತುಂಡು ಹಾಕಿದರೆ ಮೇಲಿನ ಜಿಐ ಭಾಗದ ಬಾಂಡಿಂಗ್ ಅಲ್ಲಿಗೇ ಮುಗಿಯಿತು. ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ 6 ಚದರ ಮಿ.ಮೀ. ತಂತಿಯಿಂದ ಸೇತುವೆ ಕಟ್ಟಬೇಕು. ನೀರಿನ ಪೈಪನ್ನೇ ಮನೆಯ ಅರ್ಥ್ ಮಾಡಿಕೊಂಡಿದ್ದ ಹಳೆಯ ಮನೆಗಳಲ್ಲಂತೂ ಇಂಥ ಒಂದು ರಿಪೇರಿಗೆ ಇಡೀ ಮನೆಯ ಅರ್ಥಿಂಗ್ ಸದ್ದಿಲ್ಲದೆ ಹೋಗಿರುತ್ತದೆ. ಕೊಳವೆ ಗ್ಯಾಸ್ ಇರುವ ಮನೆಯಲ್ಲಿ ಗ್ಯಾಸ್ ಪೈಪಿಗೆ ಕೈಹಚ್ಚುವ ಮೊದಲು ಕಂಪನಿಯವರನ್ನೇ ಕೇಳಬೇಕು. ಅದನ್ನು ಅರ್ಥ್ ಆಗಿ ಬಳಸುವುದಂತೂ ಎಂದಿಗೂ ಕೂಡದು.

ಕೆಲಸ ನಡೆಯುವ ಬಗೆ

ಎರಡು ಮಹಡಿಯ 30×40 ಮನೆಗೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ: 10 ಚದರ ಮಿ.ಮೀ. ಹಸಿರು-ಹಳದಿ ತಾಮ್ರದ ತಂತಿ 15 ಮೀಟರ್, 6ರದ್ದು 25ರಿಂದ 30 ಮೀಟರ್, ಬಚ್ಚಲುಗಳಿಗೆ 4ರದ್ದು 20 ಮೀಟರ್, ಹತ್ತು-ಹನ್ನೆರಡು ತೂತಿನ ಹಿತ್ತಾಳೆ ಅಥವಾ ತಾಮ್ರದ ಅರ್ಥ್ ಬಾರ್, ಪೈಪಿನ ಅಳತೆಗೆ ಸರಿಹೊಂದುವ ನಾಲ್ಕೈದು ಅರ್ಥ್ ಕ್ಲ್ಯಾಂಪು, ತಂತಿಯ ತುದಿಗೆ ಹಾಕುವ ತವರ ಲೇಪಿತ ತಾಮ್ರದ ಲಗ್ಗುಗಳು, ಸಿಂಗಲ್ ಫೇಸ್ ಆದರೆ ಎರಡು ಪೋಲಿನ, ತ್ರೀ ಫೇಸ್ ಆದರೆ ನಾಲ್ಕು ಪೋಲಿನ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಇನ್ವರ್ಟರ್ ಎಸಿ, ಎಲೆಕ್ಟ್ರಾನಿಕ್ ವಾಷಿಂಗ್ ಮೆಷಿನ್ ಇರುವ ಮನೆಗೆ ‘AC’ ಟೈಪಿನ ಆರ್‌ಸಿಸಿಬಿಗಿಂತ ‘A’ ಟೈಪಿನದನ್ನೇ ಕೇಳಿ ತರಬೇಕು. ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರದು.

ಹಳೆಯ ಅರ್ಥ್ ತಂತಿಯನ್ನು ಬಿಚ್ಚುವ ಮೊದಲು ಅದರ ಮೇಲೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಬೇಕು. ಅದರಲ್ಲಿ ಆಂಪಿಯರುಗಟ್ಟಲೆ ಕರೆಂಟು ಹರಿಯುತ್ತಿದ್ದರೆ ಎಲ್ಲೋ ಫಾಲ್ಟ್ ಇದೆ ಅಥವಾ ನ್ಯೂಟ್ರಲ್ ಸೇರಿದೆ. ಆಗ ತಂತಿ ತುಂಡರಿಸಿದ ಕೈಗೆ ಎರಡು ತುದಿಗಳ ನಡುವಿನ ವೋಲ್ಟೇಜು ಸಿಗುತ್ತದೆ. ಮೇನ್ ಬಂದ್ ಮಾಡಿ, ಹೊಸ ತಂತಿಯನ್ನು ಹಳೆಯದಕ್ಕೆ ಸಮಾನಾಂತರವಾಗಿ ಪೂರ್ತಿ ಜೋಡಿಸಿ, ಅಳೆದು, ಆಮೇಲೆ ಹಳೆಯದನ್ನು ತೆಗೆಯುವುದು ಸರಿ. ಬಾರಿನಲ್ಲಿ ಒಂದು ಸ್ಕ್ರೂವಿಗೆ ಒಂದೇ ತಂತಿ. ಒಂದು ತಂತಿ ಎರಡು-ಮೂರು ಪೈಪು ಮುಟ್ಟುವುದಾದರೆ ಕ್ಲ್ಯಾಂಪುಗಳಲ್ಲಿ ಕತ್ತರಿಸದೆ, ಹೊದಿಕೆ ಮಾತ್ರ ಸುಲಿದು ಮುಂದೆ ಒಯ್ಯಬೇಕು. ನಾಳೆ ಒಂದು ಕ್ಲ್ಯಾಂಪ್ ಬಿಚ್ಚಿದರೂ ಮುಂದಿನವು ಉಳಿಯುತ್ತವೆ. ಕ್ಲ್ಯಾಂಪ್ ಕೂರುವ ಜಾಗದಲ್ಲಿ ಪೇಂಟು, ತುಕ್ಕು ಪೂರ್ತಿ ಉಜ್ಜಿ ಲೋಹ ಹೊಳೆಯಬೇಕು. ಪೇಂಟಿನ ಮೇಲೆ ಬಿಗಿದ ಕ್ಲ್ಯಾಂಪು ನೋಡಲಿಕ್ಕಷ್ಟೇ.

ಜಿಐ ಮೇಲೆ ಬರಿ ತಾಮ್ರ ಬಿಗಿದರೆ ತೇವದಲ್ಲಿ ಜಿಂಕು ಕರಗಿಹೋಗುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ತವರ ಲೇಪಿತ ಲಗ್ಗು ಬೇಕೆನ್ನುವುದು ಅದಕ್ಕೆ. ಗುಂಡಿಗೆ ಸುರಿಯುವ ಕಲ್ಲುಪ್ಪು ಇದೇ ಕೆಲಸವನ್ನು ಮಣ್ಣಿನಡಿ ಮಾಡುತ್ತದೆ: ರೀಡಿಂಗ್ ಇಳಿಸುತ್ತದೆ, ಜೊತೆಗೆ ಪೈಪನ್ನೂ ತಂತಿಯನ್ನೂ ತಿನ್ನುತ್ತದೆ. ಹಳೆ ಗುಂಡಿಗಳಲ್ಲಿ ತಂತಿ ಕ್ಷಯಿಸುವುದು ಹೆಚ್ಚಾಗಿ ನೆಲಮಟ್ಟದಲ್ಲಿ, ಒಣ ಗಾಳಿಗೂ ಒದ್ದೆ ಮಣ್ಣಿಗೂ ನಡುವಿನ ಎರಡು-ಮೂರು ಇಂಚಿನಲ್ಲಿ. ಮುಚ್ಚಳ ತೆಗೆದು ಅಲ್ಲಿ ಸ್ವಲ್ಪ ಎಳೆದು ನೋಡಿದರೆ ಎಷ್ಟೋ ಸಲ ಕೈಗೇ ಬರುತ್ತದೆ.

ಆರ್‌ಸಿಸಿಬಿ ಹಾಕಿದ ಮರುದಿನವೇ 'ಸುಮ್ಮನೆ ಬೀಳುತ್ತದೆ' ಎಂಬ ದೂರು ಬರುವುದುಂಟು. ಹೆಚ್ಚಿನ ಸಲ ಅದು ಸುಮ್ಮನೆ ಬೀಳುತ್ತಿರುವುದಿಲ್ಲ. ಯುಪಿಎಸ್ ಲೈನಿನ ನ್ಯೂಟ್ರಲ್ ಮನೆಯ ನ್ಯೂಟ್ರಲ್ಲಿಗೆ ಆರ್‌ಸಿಸಿಬಿ ದಾಟಿ ಬೆರೆತಿರುತ್ತದೆ, ಅಥವಾ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದರಿಂದ ಎರವಲು ಬಂದಿರುತ್ತದೆ, ಇಲ್ಲವೇ ಯಾವುದೋ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ಅರ್ಥಿಗೆ ಮುಟ್ಟುತ್ತಿರುತ್ತದೆ. ಇವನ್ನು ಬಿಡಿಸಲು ಒಂದು ದಿನವಾದರೂ ಹಿಡಿಯುತ್ತದೆ. ಆ ದಿನದ ಕೂಲಿ ಉಳಿಸಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಹೋದರೆ, ಪೈಪುಗಳನ್ನೆಲ್ಲ ಒಂದಾಗಿ ಕಟ್ಟಿದ ಮನೆ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತದೆ.

ಪರೀಕ್ಷೆಗೆ ಮಲ್ಟಿಮೀಟರಿನ ಬೀಪ್ ಸಾಲದು. ಒಂದೇ ಎಳೆ ಉಳಿದ ತಂತಿಯೂ ಬೀಪ್ ಎನ್ನುತ್ತದೆ. 200 ಮಿಲಿಆಂಪಿಯರ್ ಹರಿಸಿ ಅಳೆಯುವ ಕಂಟಿನ್ಯುಟಿ ಟೆಸ್ಟರ್ ಬೇಕು. 6 ಚದರ ಮಿ.ಮೀ. ತಾಮ್ರ ಹತ್ತು ಮೀಟರಿಗೆ ಸುಮಾರು 0.03 ಓಮ್ ತೋರಿಸಬೇಕು, 0.3 ತೋರಿಸಿದರೆ ಜಾಯಿಂಟ್ ಹಾಳಾಗಿದೆ. ಕ್ಲ್ಯಾಂಪಿಗೂ ಪೈಪಿಗೂ ನಡುವೆ 0.05 ಓಮ್ ಮೀರಬಾರದು. ಆರ್‌ಸಿಸಿಬಿಯ ಟಿ ಗುಂಡಿ ಒತ್ತಿದರೆ ಅದು ಬೀಳುತ್ತದೆ, ಆದರೆ ಆ ಪರೀಕ್ಷೆ ನಡೆಯುವುದು ಫೇಸ್ ನ್ಯೂಟ್ರಲ್ ನಡುವೆ, ಅದರ ಒಳಗೇ. ಮನೆಗೆ ಅರ್ಥೇ ಇಲ್ಲದಿದ್ದರೂ ಬೀಳುತ್ತದೆ. ಅರ್ಥ್ ಸಹಿತ ಪರೀಕ್ಷೆ ಬೇಕೆಂದರೆ ಸಾಕೆಟಿಗೆ ಆರ್‌ಸಿಡಿ ಟೆಸ್ಟರ್ (ಆರ್‌ಸಿಸಿಬಿ ಪರೀಕ್ಷಿಸುವ ಉಪಕರಣ) ಚುಚ್ಚಿ 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡಿನೊಳಗೆ, 150ಕ್ಕೆ 40ರೊಳಗೆ ಬೀಳುವುದನ್ನು ನೋಡಬೇಕು.

ಅಪಾರ್ಟ್‌ಮೆಂಟಿನ ಲೆಕ್ಕವೇ ಬೇರೆ

ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಅರ್ಥ್ ಟ್ರಾನ್ಸ್‌ಫಾರ್ಮರಿನಿಂದಲೇ ಲೋಹದ ದಾರಿಯಲ್ಲಿ ಫ್ಲ್ಯಾಟಿಗೆ ಬರುತ್ತದೆ. ಮಣ್ಣು ನಡುವೆ ಇಲ್ಲ. ಫಾಲ್ಟ್ ಕರೆಂಟು ನೂರಾರು ಆಂಪಿಯರ್. ಇಲ್ಲಿ ದಪ್ಪವೇ ಜೀವಾಳ. ಡಿಬಿಯಲ್ಲಿ ಲೂಪ್ ಇಂಪೀಡೆನ್ಸ್ (ಫೇಸಿನಲ್ಲಿ ಬಂದ ಕರೆಂಟು ಅರ್ಥಿನಲ್ಲಿ ಟ್ರಾನ್ಸ್‌ಫಾರ್ಮರಿಗೆ ವಾಪಸಾಗುವ ದಾರಿಯ ಒಟ್ಟು ಅಡ್ಡಿ) 0.3 ಓಮ್, ಅಲ್ಲಿಂದ 30 ಮೀಟರ್ ದೂರಕ್ಕೆ 4 ಚದರ ಮಿ.ಮೀ. ಫೇಸ್, ಜೊತೆಗೆ 1ರ ಅರ್ಥ್ ಎನ್ನಿ. ಫೇಸಿನದು 0.14, ಅರ್ಥಿನದು 0.54, ಒಟ್ಟು 0.98 ಓಮ್, ಹರಿಯುವುದು 235 ಆಂಪಿಯರ್. ‘ಸಿ ಕರ್ವ್’ ಎಂಬ ಬಗೆಯ 32 ಆಂಪಿಯರ್ ಎಂಸಿಬಿ ತಕ್ಷಣ ಬೀಳುತ್ತದೆಂಬ ಖಾತ್ರಿ ಇರುವುದು ಹತ್ತು ಪಟ್ಟಿಗೆ, ಅಂದರೆ 320ಕ್ಕೆ. ಅದು ಸೆಕೆಂಡುಗಟ್ಟಲೆ ತಡಮಾಡಬಹುದು. ಪಿವಿಸಿ ಹೊದಿಕೆಯ 1 ಚದರ ಮಿ.ಮೀ. ತಾಮ್ರ 235 ಆಂಪಿಯರನ್ನು ತಡೆಯುವುದು ಸುಮಾರು ಕಾಲು ಸೆಕೆಂಡು. ಆಮೇಲೆ ಸುಡುವುದು ಗೋಡೆಯೊಳಗಿನ ಪೈಪಿನಲ್ಲಿ, ಫೇಸ್ ತಂತಿಗೆ ಅಂಟಿಕೊಂಡೇ. ಅರ್ಥನ್ನೂ 4 ಮಾಡಿದರೆ ಒಟ್ಟು 0.58 ಓಮ್, ಕರೆಂಟು 400ರ ಹತ್ತಿರ, ಎಂಸಿಬಿ ತಕ್ಷಣ ಬೀಳುತ್ತದೆ.

ಎಸಿ, ಗೀಸರ್, ಅಡುಗೆಮನೆಯ 16 ಆಂಪಿಯರ್ ಸಾಕೆಟುಗಳಿಗೆ ಹೋಗುವ ಅರ್ಥ್ ತಂತಿಗಳನ್ನು ಮೊದಲು ಬದಲಿಸಿದರೆ ದೊಡ್ಡ ಅಪಾಯ ಕಳೆಯುತ್ತದೆ. ಹಳೆಯ ಪೈಪಿನಲ್ಲಿ ಹೊಸ ತಂತಿಗೆ ಜಾಗವಿಲ್ಲದಿದ್ದರೆ ಹಳೆ 1ರ ತಂತಿಯನ್ನೇ ಎಳೆಹಗ್ಗವಾಗಿ ಬಳಸಬಹುದು. ಫ್ಲ್ಯಾಟಿನ ಡಿಬಿಯವರೆಗೆ ಇದು ಮಾಲೀಕರ ಕೈಯಲ್ಲಿದೆ. ಡಿಬಿಯಿಂದ ಕೆಳಗೆ, ಶಾಫ್ಟಿನಲ್ಲಿ ಇಳಿಯುವ ಅರ್ಥ್ ಪಟ್ಟಿ ಸಂಘದ್ದು. ಪ್ರತಿ ಮಹಡಿಯಲ್ಲಿ ಅದಕ್ಕೊಂದು ಬೋಲ್ಟ್ ಜಾಯಿಂಟ್ ಇರುತ್ತದೆ, ಅದರಲ್ಲೊಂದು ಸಡಿಲವಾದರೂ ಮೇಲಿನ ಎಲ್ಲ ಮನೆಗಳ ಲೆಕ್ಕ ತಪ್ಪುತ್ತದೆ. ಸಂಘದ ಸಭೆಯಲ್ಲಿ ಕೇಳಬೇಕಾದದ್ದು ಗುಂಡಿಗಳ ಓಮ್ ಒಂದನ್ನೇ ಅಲ್ಲ. ಟ್ರಾನ್ಸ್‌ಫಾರ್ಮರಿನಿಂದ ಅತಿ ದೂರದ, ಮೇಲಿನ ಮಹಡಿಯ ಫ್ಲ್ಯಾಟಿನ ಡಿಬಿಯಲ್ಲಿ ಲೂಪ್ ಟೆಸ್ಟರ್ ಎಷ್ಟು ತೋರಿಸಿತು, ಕಳೆದ ವರ್ಷ ಅಲ್ಲೇ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು.